ವಿಂಗಡಿಸುವ ಚಟ

ಕೆಲವರಿಗೆ ಎಲೆಅಡಿಕೆಯ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನ್ನದು ಕಂಪ್ಯೂಟರಿನೊಳಗಿನ ಫೈಲುಗಳನ್ನು ವಿಂಗಡಿಸಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸಾಗಿಸುವ ಚಟ. ಹೇಳಿಕೊಂಡರೆ ಯಾರೂ ಬೈಯುವುದಿಲ್ಲ. ಹಾಗಂತ ಯಾರೂ ಬಂದು ಪಕ್ಕದಲ್ಲಿ ಕೂರುವುದೂ ಇಲ್ಲ. ಇಸ್ಪೀಟಿಗಾದರೆ ಜೊತೆಗೆ ಜನ ಸಿಗುತ್ತಾರೆ. ನಾನು ಮಾತ್ರ ತಿಂಡಿಯಾದ ಮೇಲೆ ಒಬ್ಬನೇ ಕಪ್ಪು ಪರದೆಯ ಮುಂದೆ ಕೂತು, ನಾಲ್ಕು ಸಾಲು ಬರೆದು, ಒಂದು ಗುಂಡಿ ಒತ್ತಿ, ರಾಶಿ ಬಿದ್ದಿದ್ದ ಫೈಲುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುವುದನ್ನು ನೋಡಿ ಖುಷಿಪಡುತ್ತಿರುತ್ತೇನೆ. ಕೆಲಸದಿಂದ ನಿವೃತ್ತನಾದ ಮೇಲೆ ಈ ಚಟ ಇನ್ನೂ ಹೆಚ್ಚಾಗಿದೆ. ಅಟ್ಟದ ಮೇಲಿನ ಹಳೇ ಪಾತ್ರೆ ಇಳಿಸಿ ಬೇಕಾದ್ದು ಬೇಡದ್ದು ಬೇರೆ ಮಾಡಿಕೊಡಿ ಎಂದು ನನ್ನಾಕೆ ಗೌರಿಹಬ್ಬದಿಂದ ಕೇಳುತ್ತಿದ್ದಾಳೆ. ಕಣ್ಣಿಗೆ ಕಾಣದ ಕಸ ಗುಡಿಸುವುದಕ್ಕೆ ಮಾತ್ರ ನಿಮಗೆ ಸೊಂಟ ನೋಯುವುದಿಲ್ಲ ಎಂಬುದು ಅವಳ ದೂರು. ದೂರಿನಲ್ಲಿ ನ್ಯಾಯವಿದೆ ಎಂದು ಒಪ್ಪಿಕೊಂಡು ಮತ್ತೆ ಪರದೆಯ ಕಡೆ ತಿರುಗುತ್ತೇನೆ.

ನಾನು ಬರೆಯುವ ಆ ನಾಲ್ಕು ಸಾಲಿಗೆ ಶೆಲ್ ಸ್ಕ್ರಿಪ್ಟ್ ಅನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಒಬ್ಬ ಹಿರಿಯರು ಕೂತಿರುತ್ತಾರಲ್ಲ, ತೆಂಗಿನಕಾಯಿ ಬಂದರೆ ಆ ಮೂಲೆಗೆ, ಬಾಳೆಲೆ ಬಂದರೆ ನೀರು ಚಿಮುಕಿಸಿ ಈ ಕಡೆಗೆ, ಕುಂಬಳಕಾಯಿ ಹೊರಗೇ ಇರಲಿ ಎಂದು ಹೇಳುತ್ತಿರುತ್ತಾರಲ್ಲ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಯಂತ್ರದ ಕೈಗೆ ಕೊಟ್ಟ ಹಾಗೆ. ಹೆಸರಿನ ಬಾಲದಲ್ಲಿ ಇಂಥ ಅಕ್ಷರವಿದ್ದರೆ ಅದು ಫೋಟೋ, ಫೋಟೋ ಇಡುವ ಕಡೆಗೆ ಹಾಕು. ಇಂಥ ಅಕ್ಷರವಿದ್ದರೆ ಹಾಡು, ಹಾಡಿನ ಕಡೆಗೆ ಹಾಕು. ಯಂತ್ರ ಹಿರಿಯರಂತೆ ಗೊಣಗುವುದಿಲ್ಲ, ಮಧ್ಯೆ ಕಾಫಿ ಕೇಳುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿಬಿಡುತ್ತದೆ, ಕಷ್ಟವಿರುವುದೂ ಅಲ್ಲಿಯೇ.

ರಾಮನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಈ ವಿದ್ಯೆ ಕಲಿತ ಹೊಸದರಲ್ಲಿ ಲ್ಯಾಬಿನ ಹಳೇ ಫೈಲುಗಳನ್ನೆಲ್ಲ ಒಂದು ಕಡೆ ಸೇರಿಸೋಣವೆಂದು ‘ಇಲ್ಲಿರುವುದನ್ನೆಲ್ಲ ಅಲ್ಲಿಗೆ ಹಾಕು’ ಎಂದು ಬರೆದು ಓಡಿಸಿದೆ. ಅದು ಎಲ್ಲವನ್ನೂ ಅಲ್ಲಿಗೆ ಹಾಕಿತು. ತಾನೂ ಇಲ್ಲೇ ಇದ್ದದ್ದರಿಂದ ತನ್ನನ್ನೂ ಎತ್ತಿ ಅಲ್ಲಿಗೇ ಹಾಕಿಕೊಂಡಿತು. ಇನ್ನೊಂದು ಸಲ ಓಡಿಸೋಣವೆಂದು ಹುಡುಕಿದರೆ ಸ್ಕ್ರಿಪ್ಟೇ ಇಲ್ಲ. ಮನೆ ಗುಡಿಸುವವಳು ಕಸದ ಜೊತೆ ತಾನೂ ಮೊರದೊಳಗೆ ಕೂತ ಹಾಗಾಯಿತು. ನನಗೆ ಕಲಿಸಿದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏನನ್ನು ಸಾಗಿಸಬೇಕು ಅಂತ ಹೇಳುವುದಕ್ಕಿಂತ ಏನನ್ನು ಬಿಡಬೇಕು ಅಂತ ಮೊದಲು ಹೇಳಬೇಕಯ್ಯ ಎಂದರು. ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ.

ಈ ಚಟ ನೆಂಟರಿಷ್ಟರಲ್ಲೆಲ್ಲ ಗೊತ್ತಾಗಿ, ಫೋನು ತುಂಬಿದವರೆಲ್ಲ ನನ್ನ ಮನೆಗೆ ಬರುತ್ತಾರೆ. ಹೋದ ತಿಂಗಳು ಅಕ್ಕ ಬಂದಳು. ನನಗಿರುವುದು ಅವಳೊಬ್ಬಳೇ ಅಕ್ಕ. ಹೆಸರು ಚಿಕ್ಕತಾಯಮ್ಮ, ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಕಬ್ಬಾಳಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಈ ವಯಸ್ಸಿನಲ್ಲೂ ಮನೆಯಲ್ಲಿ ರೇಷ್ಮೆಹುಳ ಸಾಕುವುದನ್ನು ಬಿಟ್ಟಿಲ್ಲ. ಗೂಡು ಮಾರಿ, ಹುಳದ ಮನೆ ತೊಳೆದು, ಮುಂದಿನ ಮೊಟ್ಟೆ ತರುವುದರೊಳಗೆ ಸಿಗುವ ನಾಲ್ಕಾರು ದಿನದಲ್ಲೇ ಅವಳ ಮದುವೆ ಮುಂಜಿ, ದೇವಸ್ಥಾನ, ತವರು ಎಲ್ಲ ಮುಗಿಯಬೇಕು. ತವರೆಂದರೆ ಈಗ ನಾನೇ. ಅಪ್ಪ ಅವ್ವ ತೀರಿಕೊಂಡು ಬಹಳ ಕಾಲವಾಯಿತು. ಬಂದವಳು ಸೀರೆಯ ಸೆರಗಿನಿಂದ ಫೋನು ಬಿಚ್ಚಿ, ಮೊಮ್ಮಗಳ ಫೋಟೋ ತೆಗೆಯಲು ಹೋದರೆ ಜಾಗವಿಲ್ಲ ಅನ್ನುತ್ತದೆ, ಬೇಡದ್ದನ್ನೆಲ್ಲ ಬೇರೆ ಮಾಡಿಕೊಡು ಎಂದಳು.

ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಅದೊಂದು ಸಂತೆ. ಹುಳದ ಫೋಟೋ, ಸೊಪ್ಪಿನ ಫೋಟೋ, ಬೇರೆಯವರ ಮನೆಯ ಹುಳದ ಫೋಟೋ, ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದದ್ದು, ಕಬ್ಬಾಳಮ್ಮನ ಅಲಂಕಾರ, ಕೆಂಗಲ್ ಆಂಜನೇಯನ ಬೆಣ್ಣೆ ಅಲಂಕಾರ, ಯಾರದೋ ನಾಮಕರಣ. ಅಕ್ಕನ ಹೆಬ್ಬೆರಳಿನ ಫೋಟೋಗಳೇ ಒಂದು ಆಲ್ಬಮ್ಮಿಗೆ ಸಾಕಾಗುವಷ್ಟಿದ್ದವು. ನಾನು ಉತ್ಸಾಹದಿಂದ ಸ್ಕ್ರಿಪ್ಟ್ ಬರೆಯತೊಡಗಿದೆ. ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ನನ್ನ ಚಟಕ್ಕೆ ಜೊತೆ ಸಿಕ್ಕಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡಿ, ಇದು ಹುಳ ಆಯುವ ಕೆಲಸವೇ ಅಲ್ಲವೇನೋ ಎಂದಳು. ಆ ಮಾತು ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು.

ನಮ್ಮದು ವಿರೂಪಾಕ್ಷಿಪುರದ ಹತ್ತಿರದ ಊರು. ನಾನು ಚಿಕ್ಕವನಿದ್ದಾಗ ನಮ್ಮ ಕಡೆಯೆಲ್ಲ ರೇಷ್ಮೆಯ ಸುಗ್ಗಿ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆಯಾದವು. ಹುಳ ಮೊದಲು ಮನೆಯ ಒಂದು ಮೂಲೆಗೆ ಬಂತು, ಆಮೇಲೆ ಒಂದು ಕೋಣೆಗೆ, ಆಮೇಲೆ ಪಡಸಾಲೆಗೆ. ಕೊನೆಗೆ ಮನೆಯೆಲ್ಲ ಅದರದಾಗಿ ನಾವು ಜಗುಲಿಗೆ ಬಂದೆವು. ಚಳಿಗಾಲದಲ್ಲಿ ಹುಳಕ್ಕೆ ಇದ್ದಿಲ ಒಲೆ, ನಮಗೆ ಕಂಬಳಿ. ಬೇಸಿಗೆಯಲ್ಲಿ ಹುಳಕ್ಕೆ ಒದ್ದೆ ಗೋಣಿಯ ಪರದೆ, ನಮಗೆ ಬೇವಿನ ಮರದ ಗಾಳಿ. ಹುಳದ ಕೋಣೆಯ ಗೋಡೆಗೆ ಥರ್ಮಾಮೀಟರು ತೂಗುತ್ತಿತ್ತು. ನಮ್ಮ ಮೈ ಬಿಸಿಯಾದರೆ ಅವ್ವನ ಅಂಗೈಯೇ ಥರ್ಮಾಮೀಟರು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ದಿನ ನಾನು ಅಪ್ಪಾ ಜ್ವರ ಎಂದು ನರಳಿದರೆ ಅಪ್ಪ ತಲೆ ಎತ್ತದೆ, ಎಷ್ಟನೇದು ಎಂದು ಕೇಳಿದ್ದ.

ಹುಳ ಸೊಪ್ಪು ಮೇಯುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಇರಬಹುದು. ನನಗಂತೂ ಹಪ್ಪಳ ತಿನ್ನುವ ನೆಂಟರು ಪಂಕ್ತಿಯಲ್ಲಿ ಕೂತ ಹಾಗೆ ಕೇಳುತ್ತಿತ್ತು. ಆ ನೆಂಟರ ದೆಸೆಯಿಂದ ಬೇರೆ ನೆಂಟರು ಮನೆಗೆ ಬರುವುದು ನಿಂತೇಹೋಗಿತ್ತು. ಬೀಡಿಯ ವಾಸನೆ ಆಗದು, ಪೌಡರಿನ ವಾಸನೆ ಆಗದು, ಊದುಬತ್ತಿ ಆಗದು, ಒಗ್ಗರಣೆಯ ಹೊಗೆಯಂತೂ ಆಗಲೇ ಆಗದು. ಹುಳವಿದ್ದಷ್ಟು ದಿನ ಸಪ್ಪೆ ಸಾರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಬಂದವರು ಅರ್ಥಮಾಡಿಕೊಂಡು ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಆದರೂ ಆ ಕಾಲದಲ್ಲಿ ಒಂದು ಗೆಲುವಿತ್ತು. ಗೂಡು ಮಾರಿ ಬಂದ ದಿನ ಅಪ್ಪ ರಾಮನಗರದಿಂದ ಬೆಣ್ಣೆ ಬಿಸ್ಕತ್ತು ತರುತ್ತಿದ್ದ. ಒಂದು ಸಲ ಹಾಡುವ ಪೆಟ್ಟಿಗೆ ತಂದ. ಹುಳಕ್ಕೆ ಸದ್ದಾಗುತ್ತದೆಂದು ಅದನ್ನು ತೋಟದ ಬಾವಿಯ ಹತ್ತಿರ ಇಟ್ಟು ಕೇಳಬೇಕಿತ್ತು.

ಹುಳ ಹಣ್ಣಾಗುವ ದಿನ ಮಾತ್ರ ಮನೆಯ ಲೆಕ್ಕಾಚಾರವೇ ಬೇರೆ. ಅಷ್ಟು ದಿನ ಮೇದ ಹುಳ ಒಂದು ದಿನ ಮೇಯುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಮೈ ಹಳದಿಗೆ ತಿರುಗಿ ಒಳಗಿನ ನೂಲು ಹೊರಗೆ ಕಾಣುವಂತಾಗುತ್ತದೆ. ಅದನ್ನು ಆ ಹೊತ್ತಿಗೇ ಆಯ್ದು, ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು; ಅಲ್ಲಿ ಅದು ಗೂಡು ಕಟ್ಟಿಕೊಳ್ಳುತ್ತದೆ. ಹಣ್ಣಾಗದ್ದನ್ನು ಚಂದ್ರಿಕೆಗೆ ಬಿಟ್ಟರೆ ಅಲ್ಲೇ ಅಲೆದು ಸೊರಗುತ್ತದೆ. ಹಣ್ಣಾದದ್ದನ್ನು ಆಯದೆ ಮರೆತರೆ ತಟ್ಟೆಯ ಕಸದಲ್ಲೇ ನೂಲು ಸುತ್ತಿಕೊಂಡು ಕೂರುತ್ತದೆ, ಆ ಗೂಡನ್ನು ಯಾರೂ ಕೊಳ್ಳುವುದಿಲ್ಲ. ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅದಕ್ಕೇ ಆ ದಿನ ಊರವರು ಒಬ್ಬರ ಮನೆಗೊಬ್ಬರು ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಮನೆಯ ಹುಳಕ್ಕೆ ನಾವು, ನಾಳೆ ನಮ್ಮ ಮನೆಯ ಹುಳಕ್ಕೆ ನೀವು.

ಆಯುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಬೇರೆಯವರು ಹುಳವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಕ್ಕನ ಕೈ ತಟ್ಟೆಯ ಮೇಲೆ ಹೋದ ಹಾಗೇ ಹಣ್ಣಾದದ್ದು ಬೆರಳಿಗೆ ಬಂದುಬಿಡುತ್ತಿತ್ತು. ನನ್ನದೂ ಒಂದು ಕೈ ಇರಲಿ ಎಂದು ನಾನೂ ಒಂದು ಸಲ ನುಗ್ಗಿದೆ. ತಲೆ ಎತ್ತಿದ್ದು ಹಣ್ಣಾದದ್ದು ಎಂಬುದಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ. ಜ್ವರಕ್ಕೆ ಕೂತ ಹುಳವೂ ತಲೆ ಎತ್ತಿಕೊಂಡೇ ಇರುತ್ತದೆ ಎಂಬುದು ಗೊತ್ತಿರಲಿಲ್ಲ. ಪಕ್ಕದ ಸ್ಟ್ಯಾಂಡಿನಲ್ಲಿದ್ದ ಎಳೇ ಹುಳದ ಒಂದು ತಟ್ಟೆಯನ್ನು ಪೂರ್ತಿ ಚಂದ್ರಿಕೆಗೆ ಸುರಿದುಬಿಟ್ಟೆ. ನಿದ್ದೆಯಲ್ಲಿದ್ದ ಮಕ್ಕಳನ್ನು ಎತ್ತಿಕೊಂಡು ಹೋಗಿ ಹಸೆಮಣೆಯ ಮೇಲೆ ಕೂರಿಸಿದಂತಾಯಿತು. ಅವ್ವ ಕೈಯೆತ್ತಿಕೊಂಡು ಬಂದಳು. ಅಕ್ಕ ಅವಳನ್ನು ತಡೆದು, ಒಂದೊಂದನ್ನೇ ಆಯ್ದು ವಾಪಸು ತಟ್ಟೆಗೆ ಹಾಕಿದಳು. ಅವತ್ತಿನಿಂದ ನನ್ನನ್ನು ಆಯುವ ಕೆಲಸದಿಂದ ತೆಗೆದು ಸೊಪ್ಪು ಹೊರುವುದಕ್ಕೆ ಹಾಕಿದರು. ಆಗ ಸೋತದ್ದನ್ನೇ ನಾನು ಈಗ ಕಂಪ್ಯೂಟರಿನಲ್ಲಿ ತೀರಿಸಿಕೊಳ್ಳುತ್ತಿರಬೇಕು.

ಅಕ್ಕನ ಬೆರಳಿಗೆ ಇನ್ನೂ ಒಂದು ವಿದ್ಯೆಯಿತ್ತು. ಲೆಕ್ಕ. ಇದ್ದಿಲ ಚೂರು ಸಿಕ್ಕರೆ ಸಾಕು, ಜಗುಲಿಯ ಮೇಲೆ ಲೆಕ್ಕ ಬಿಡಿಸುತ್ತ ಕೂರುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ, ಟಿ.ಸಿ.ಎಚ್. ಮಾಡಿ, ಲೆಕ್ಕದ ಟೀಚರಾಗಬೇಕು ಎಂಬುದು ಅವಳ ಆಸೆ. ಅದನ್ನವಳು ಮುಚ್ಚಿಟ್ಟುಕೊಂಡಿರಲಿಲ್ಲ. ಹಸುವಿಗೂ ಹೇಳುತ್ತಿದ್ದಳು, ನನಗೂ ಹೇಳುತ್ತಿದ್ದಳು. ಬೇವಿನ ಕಡ್ಡಿ ಹಿಡಿದು ನನ್ನನ್ನು ಜಗುಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುವಾಗ ಅವಳ ದನಿಯೇ ಬದಲಾಗುತ್ತಿತ್ತು. ಅಪ್ಪನಿಗೂ ಮಗಳು ಟೀಚರಾಗುವುದು ಇಷ್ಟವೇ ಇತ್ತು. ಚನ್ನಪಟ್ಟಣದಿಂದ ಜಾಮಿಟ್ರಿ ಬಾಕ್ಸು ತಂದುಕೊಟ್ಟವನು ಅವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅಪ್ಪನನ್ನು ಕೆಟ್ಟವನೆಂದುಕೊಳ್ಳುತ್ತೀರಿ.

ಅಕ್ಕನ ಪರೀಕ್ಷೆಯ ವರ್ಷ ಅಪ್ಪ ಬಹಳ ಯೋಚನೆ ಮಾಡಿಯೇ ಮೊಟ್ಟೆ ತಂದಿದ್ದ. ಪರೀಕ್ಷೆ ಶುರುವಾಗುವ ಹೊತ್ತಿಗೆ ಗೂಡು ಮಾರ್ಕೆಟ್ಟಿಗೆ ಹೋಗಿ, ಮನೆ ತೊಳೆದು, ಮಗಳು ಒಳಗೆ ಕೂತು ಓದುವ ಹಾಗಾಗಬೇಕು ಎಂಬುದು ಅವನ ಎಣಿಕೆ. ಕಬ್ಬಾಳಮ್ಮನಿಗೆ ಹರಕೆಯನ್ನೂ ಹೊತ್ತಿದ್ದ, ಬೆಳೆ ಚೆನ್ನಾಗಾಗಲಿ ಎಂದು ಒಂದು, ಮಗಳು ಪಾಸಾಗಲಿ ಎಂದು ಒಂದು. ಆದರೆ ಆ ಸಲ ಹವ ಕೆಟ್ಟಿತು. ಮೋಡ ಮುಚ್ಚಿಕೊಂಡು ಥಂಡಿ ಬಿದ್ದು, ಹುಳ ಜ್ವರದಿಂದ ಏಳುವುದೇ ತಡವಾಯಿತು. ಪರೀಕ್ಷೆ ಬಂದೇಬಿಟ್ಟಿತು. ಕನ್ನಡ, ಇಂಗ್ಲಿಷು ಮುಗಿಸಿ ಬಂದ ಅಕ್ಕ ಲೆಕ್ಕದ ಪುಸ್ತಕ ಹಿಡಿದು ಕೂತ ಸಂಜೆ, ಮೊದಲ ಹುಳ ತಲೆ ಎತ್ತಿತು. ಬೆಳಗಾಗುವಷ್ಟರಲ್ಲಿ ಮನೆಗೆ ಮನೆಯೇ ಹಣ್ಣಾಗಿತ್ತು.

ಅಪ್ಪ ಬೆಳಿಗ್ಗೆ ಎದ್ದವನೇ ಮುಯ್ಯಾಳು ಕರೆಯಲು ಹೋದ. ಹಿಂದೆಲ್ಲ ಒಂದು ಮನೆಯ ಹುಳ ಹಣ್ಣಾದರೆ ಇನ್ನೊಂದು ಮನೆಯಲ್ಲಿ ಇನ್ನೂ ಎಳೆಯದಾಗಿರುತ್ತಿತ್ತು. ಹಿರಿಯರು ಮಾತಾಡಿಕೊಂಡು, ಹಿಂದೆ ಮುಂದೆ ಮಾಡಿ ಮೊಟ್ಟೆ ತರುತ್ತಿದ್ದರು. ರೇಷ್ಮೆಯ ಸುಗ್ಗಿ ಬಂದ ಮೇಲೆ ಆ ಮಾತುಕತೆ ನಿಂತುಹೋಗಿತ್ತು. ಗೂಡಿಗೆ ರೇಟಿದ್ದಾಗ ಕಾಯುವವರು ಯಾರು? ಊರಿಗೆ ಊರೇ ಒಟ್ಟಿಗೆ ಮೊಟ್ಟೆ ತಂದಿತ್ತು. ಒಬ್ಬರನ್ನು ನೋಡಿ ಒಬ್ಬರು ತಂದದ್ದು. ಈಗ ಊರಿಗೆ ಊರೇ ಒಟ್ಟಿಗೆ ಹಣ್ಣಾಗಿತ್ತು. ಅಪ್ಪ ಹೋದ ಮನೆಯವರೆಲ್ಲ, ನಾವೇ ನಿನ್ನನ್ನು ಕರೆಯೋಣ ಅಂತಿದ್ದೆವು ಎಂದರಂತೆ. ಅವನು ಒಬ್ಬನೇ ವಾಪಸು ಬಂದು, ಹೆಗಲ ಟವೆಲು ತೆಗೆದು, ಹುಳದ ಕೋಣೆಯ ಹೊಸಿಲ ಮೇಲೆ ಕೂತ. ಅವನು ಹಾಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಕ್ಕ ಎರಡು ಜಡೆ ಹೆಣೆದುಕೊಂಡು, ಲಂಗದಾವಣಿ ಉಟ್ಟು, ಜಾಮಿಟ್ರಿ ಬಾಕ್ಸು ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಿದ್ದಳು. ನಮ್ಮೂರಿಂದ ಚನ್ನಪಟ್ಟಣಕ್ಕೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅವಳು ಕೋಣೆಯ ಬಾಗಿಲಿಗೆ ಬಂದು ಒಳಗೆ ನೋಡಿದಳು. ಅವ್ವ ಒಬ್ಬಳೇ ತಟ್ಟೆಗಳ ಮಧ್ಯೆ ಕೂತು ಆಯುತ್ತಿದ್ದಳು. ಕೆಲವು ಹುಳ ಆಗಲೇ ತಟ್ಟೆಯ ಅಂಚಿಗೆ ನೂಲು ಸುತ್ತತೊಡಗಿದ್ದವು. ಅಪ್ಪ ಇರು ಅನ್ನಲಿಲ್ಲ. ಅವ್ವ ಹೋಗಬೇಡ ಅನ್ನಲಿಲ್ಲ. ಹೋಗಿ ಬಾ ಎಂದೂ ಯಾರೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದ ಅಕ್ಕ ಕೊನೆಗೆ ತಾನೇ ಮಾತಾಡಿದಳು.

“ಬಸ್ಸು ಓಯ್ತು ಬುಡಿ” ಎಂದಳು.

ಅವ್ವ ತಲೆ ಎತ್ತದೆ, “ಓಯ್ತಾ? ಓಗ್ಲಿ ಬುಡು ಮಗ, ಅಕ್ಟೋಬರ್‌ನಾಗೆ ಬರ್ದ್ರಾಯ್ತು” ಎಂದಳು. ಅಕ್ಕ ಇನ್ನೂ ಒಂದು ಗಳಿಗೆ ನಿಂತಿದ್ದು, ಆಮೇಲೆ ಚೀಲವನ್ನು ಗೂಟಕ್ಕೆ ಹಾಕಿ, ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದು ಕೂತಳು. ಬೆರಳು ತಟ್ಟೆಯ ಮೇಲೆ ಓಡತೊಡಗಿತು. ಆಮೇಲೆ ಕೆರೆ ಏರಿಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ನಮ್ಮೂರ ಬಸ್ಸಿನ ಡ್ರೈವರು ಆ ತಿರುವಿನಲ್ಲಿ ಉದ್ದಕ್ಕೆ ಹಾರನ್ನು ಹೊಡೆದೇ ಊರೊಳಗೆ ಬರುತ್ತಿದ್ದ. ಕೋಣೆಯಲ್ಲಿದ್ದ ಯಾರೂ ತಲೆ ಎತ್ತಲಿಲ್ಲ. ನಾನು ಸೊಪ್ಪಿನ ಕುಕ್ಕೆ ಇಳಿಸಿ ಬಾಯಿ ತೆರೆಯುವಷ್ಟರಲ್ಲಿ ಅವ್ವ ಖಾಲಿ ತಟ್ಟೆಯೊಂದನ್ನು ನನ್ನ ಕೈಗಿಟ್ಟು, ಹೊರಗೆ ಇಟ್ಟು ಬಾ ಎಂದಳು. ಹೊರಗೆ ಬಂದೆ. ಬಸ್ಸು ಅರಳಿಕಟ್ಟೆಯ ಹತ್ತಿರ ನಿಂತು, ಜನ ಹತ್ತಿಸಿಕೊಂಡು ಹೋಯಿತು.

ಆ ಸಲದ ಗೂಡಿನಂಥ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಒಂದೂ ಜೊಳ್ಳಿಲ್ಲ, ಒಂದೂ ಕಲೆಯಿಲ್ಲ. ಕಬ್ಬಾಳಮ್ಮ ಎರಡು ಹರಕೆಯಲ್ಲಿ ಒಂದನ್ನು ಚೆನ್ನಾಗಿಯೇ ನಡೆಸಿಕೊಟ್ಟಳು. ಗೂಡಿನ ಸುದ್ದಿ ಮಾರ್ಕೆಟ್ಟಿನಲ್ಲಿ ಹಬ್ಬಿ, ಆಯ್ದ ಹುಡುಗಿಯ ಕೈಗುಣದ ಸುದ್ದಿಯೂ ಅದರ ಜೊತೆ ಹೋಯಿತು. ಅಕ್ಟೋಬರಿನಲ್ಲೂ ಮನೆಯಲ್ಲಿ ಹುಳವಿತ್ತು. ಅದು ಮುಗಿಯುವುದರೊಳಗೆ ಕಬ್ಬಾಳಿನ ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದರು. ಹಾಡು ಬರುತ್ತದಾ, ಅಡುಗೆ ಬರುತ್ತದಾ ಎಂದು ಅವರು ಕೇಳಲಿಲ್ಲ. ಚಂದ್ರಿಕೆ ತೋರಿಸಿ ಎಂದರು. ಹೆಣ್ಣು ನೋಡಲು ಬಂದವರು ಗೂಡು ನೋಡಿಕೊಂಡು ಒಪ್ಪಿಗೆ ಹೇಳಿ ಹೋದರು. ಭಾವ ಒಳ್ಳೆಯವನು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಮನೆಯಲ್ಲಿ ನಮ್ಮ ಮನೆಗಿಂತ ಹೆಚ್ಚು ಹುಳವಿತ್ತು. ಜಾಮಿಟ್ರಿ ಬಾಕ್ಸು ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಲೆಕ್ಕ ಮಾಡಿ, ಪಾಸಾಗಿ, ರಾಮನಗರಕ್ಕೆ ಬಂದು, ಕಂಪ್ಯೂಟರ್ ಕಲಿತು, ನಿಮ್ಮ ಮುಂದೆ ಹೀಗೆ ಕೊಚ್ಚಿಕೊಳ್ಳುವ ಮಟ್ಟಕ್ಕೆ ಬೆಳೆದೆ.

ಈ ಕತೆಯನ್ನು ನಮ್ಮ ಮನೆಯಲ್ಲಿ ಯಾರೂ ಮುಚ್ಚಿಡಲಿಲ್ಲ. ಹಬ್ಬಹುಣ್ಣಿಮೆಗೆ ಜನ ಸೇರಿದಾಗ ಅಪ್ಪ ತಾನೇ ಹೇಳುತ್ತಿದ್ದ. ನಾವು ಯಾರೂ ಒಂದು ಮಾತು ಅನ್ನಲಿಲ್ಲ, ನನ್ನ ಮಗಳು ತಾನೇ ಪರೀಕ್ಷೆ ಬಿಟ್ಟಳು, ಮನೆ ಉಳಿಸಿದಳು, ನಮಗೆ ನೋವಾಗದಿರಲಿ ಅಂತ ಬಸ್ಸು ಹೋಯಿತು ಎಂದು ಸುಳ್ಳು ಬೇರೆ ಹೇಳಿದಳು ಎನ್ನುವಾಗ ಅವನ ಕಣ್ಣು ತುಂಬುತ್ತಿತ್ತು. ಕೇಳಿದವರು ಮಕ್ಕಳು ಅಂದರೆ ಹೀಗಿರಬೇಕು ಎನ್ನುತ್ತಿದ್ದರು. ಅಕ್ಕ ಅಲ್ಲೇ ಇದ್ದರೆ ಎದ್ದು ಒಳಗೆ ಹೋಗುತ್ತಿದ್ದಳು. ಹೊಗಳಿಕೆಗೆ ನಾಚಿಕೊಂಡು ಹೋದಳು ಎಂದುಕೊಳ್ಳುತ್ತಿದ್ದೆವು. ನಾನೂ ಹಾಗೆಯೇ ಅಂದುಕೊಂಡು ಇಷ್ಟು ವಯಸ್ಸು ಕಳೆದೆ. ನನ್ನ ಹೆಂಡತಿಗೆ ಹೇಳಿದ್ದೇನೆ, ಲ್ಯಾಬಿನ ಹುಡುಗರಿಗೂ ಹೇಳಿದ್ದೇನೆ, ತ್ಯಾಗ ಅಂದರೆ ನಮ್ಮಕ್ಕನದು ಎಂದು.

ಎಲ್ಲಿದ್ದೆ? ಅಕ್ಕನ ಫೋನು. ಸ್ಕ್ರಿಪ್ಟ್ ಬರೆದು ಮುಗಿಸಿ, ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಅಕ್ಕ ತಡೆದಳು. ಇದು ಹಾಗೇ ಎಲ್ಲವನ್ನೂ ಎತ್ತಿ ಹಾಕಿಬಿಡುತ್ತದಾ, ಕೇಳುವುದಿಲ್ಲವಾ ಎಂದಳು. ಬೇಕಾದರೆ ಕೇಳುವ ಹಾಗೂ ಮಾಡಬಹುದು ಎಂದೆ. ಹಾಗಾದರೆ ಕೇಳಲಿ ಎಂದಳು. ಇನ್ನೆರಡು ಸಾಲು ಸೇರಿಸಿದೆ. ಈಗ ಸ್ಕ್ರಿಪ್ಟ್ ಒಂದೊಂದೇ ಫೋಟೋ ತೋರಿಸಿ, ಕೆಳಗೆ ‘ಇದನ್ನು ಕಳಿಸಲೇ?’ ಎಂದು ಕೇಳಿ ಕಾಯುತ್ತದೆ. ಹೌದು ಅನ್ನಲು ಒಂದು ಗುಂಡಿ, ಒತ್ತಿದರೆ ಫೋಟೋ ಕಂಪ್ಯೂಟರಿಗೆ ಹೋಗುತ್ತದೆ; ಬೇಡ ಅನ್ನಲು ಇನ್ನೊಂದು, ಒತ್ತಿದರೆ ಫೋನಿನಲ್ಲೇ ಉಳಿಯುತ್ತದೆ. ಉತ್ತರ ಬರುವತನಕ ಅಲ್ಲಾಡುವುದಿಲ್ಲ. ಎರಡೂ ಗುಂಡಿ ತೋರಿಸಿಕೊಟ್ಟೆ. ಅಕ್ಕ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡು, ಕೈಯನ್ನು ಸೆರಗಿಗೆ ಒರೆಸಿಕೊಂಡು ಶುರು ಮಾಡಿದಳು.

ಇಷ್ಟು ನಿಧಾನವಾಗಿ ಓಡಿದ ಸ್ಕ್ರಿಪ್ಟನ್ನು ನಾನು ಕಂಡಿಲ್ಲ. ಮಸುಕು ಸೊಪ್ಪಿನ ಫೋಟೋ ಬಂದರೂ ಅಕ್ಕ ತಲೆ ಓರೆ ಮಾಡಿ ನೋಡುತ್ತಿದ್ದಳು. ಅದು ಯಾವ ತೋಟದ್ದು, ಆ ಸಲ ಏನಾಗಿತ್ತು ಎಂದು ಹೇಳಿ, ಆಮೇಲೆ ಒತ್ತುತ್ತಿದ್ದಳು. ಹೆಬ್ಬೆರಳಿನ ಫೋಟೋಗಳಲ್ಲೂ ಒಂದೆರಡನ್ನು ಉಳಿಸಿಕೊಂಡಳು. ನನ್ನಾಕೆ ಎರಡು ಸಲ ಊಟಕ್ಕೆ ಕರೆದಳು. ಹೀಗೆ ಹೋದರೆ ಮುಂದಿನ ಹುಳ ಹಣ್ಣಾದರೂ ಇದು ಮುಗಿಯುವುದಿಲ್ಲ ಎಂದು ನಾನು ರೇಗಿಸಿದೆ. ಅಕ್ಕ ನಗಲಿಲ್ಲ. ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು.

“ಇದು ಪರ್ವಾಗಿಲ್ಲ ಕಣ್ಲಾ. ಕಳ್ಸೋಕ್ ಮುಂಚೆ ಒಂದ್ ಮಾತು ಕೇಳ್ತದೆ” ಎಂದಳು.

ಮನುಷ್ಯರಿಗಿಂತ ವಾಸಿ ಬಿಡು ಎಂದು ನಾನು ಮಾತಿಗೆ ಮಾತು ಸೇರಿಸಿದೆ. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಅಂದಾಜು ನನಗಿರಲಿಲ್ಲ.

“ಲೆಕ್ಕದ ಪರೀಕ್ಸೆ ದಿವ್ಸ ಬಸ್ಸು ಓಯ್ತು ಅಂದ್ನಲ್ಲ, ಗ್ಯಾನ ಐತಾ ನಿಂಗೆ?”

ಇದೆ ಎಂದೆ.

“ಯಾರಾರ ಒಬ್ರು, ಇಲ್ಲ ಕಣವ್ವ, ಬಸ್ಸು ಇನ್ನೂ ಬಂದಿಲ್ಲ, ಓಡು ಅಂತಾರೇನೋ ಅಂತ ನಿಂತಿದ್ದೆ. ಅದ್ಕೇ ಅಂಗಂದಿದ್ದು ಕಣ್ಲಾ. ಕೇಳೋಕ್ ಬಾಯಿ ಬರ್ನಿಲ್ಲ ನಂಗೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಹೊಸಿಲ ಮೇಲೆ ಟವೆಲು ಹಿಡಿದು ಕೂತ ಅಪ್ಪ ಕಣ್ಣ ಮುಂದೆ ಬಂದ. ಪಾಪ, ಅವನು ಮಗಳ ಮಾತನ್ನು ಉತ್ತರ ಎಂದುಕೊಂಡ. ಅದು ಪ್ರಶ್ನೆಯೆಂದು ಅವನಿಗೂ ತಿಳಿಯಲಿಲ್ಲ, ಅವ್ವನಿಗೂ ತಿಳಿಯಲಿಲ್ಲ. ಅಥವಾ ತಿಳಿದಿತ್ತೋ ಏನೋ. ಕೇಳೋಣವೆಂದರೆ ಇಬ್ಬರೂ ಇಲ್ಲ. ತ್ಯಾಗ ತ್ಯಾಗ ಎಂದು ನಾವು ಊರೆಲ್ಲ ಹೇಳಿಕೊಂಡು ಬಂದೆವು. ಆ ಮನೆಯಲ್ಲಿ ಅಕ್ಕ ಒಂದೇ ಒಂದು ಮಾತಿಗಾಗಿ ಬಾಗಿಲಲ್ಲಿ ಕಾದು ನಿಂತಿದ್ದಳು, ಆ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಏನು ಹೇಳಿದರೂ ಈಗ ಯಾವ ಪರೀಕ್ಷೆಯ ಹೊತ್ತಿಗೂ ಮುಟ್ಟುವುದಿಲ್ಲ. ಆದರೂ ಆ ದಿನ ಆ ಕೋಣೆಯಲ್ಲಿದ್ದವರಲ್ಲಿ ಅಕ್ಕನನ್ನು ಬಿಟ್ಟರೆ ಉಳಿದಿರುವವನು ನಾನೊಬ್ಬನೇ, ನಾನೇ ಹೇಳಬೇಕು ಅನ್ನಿಸಿತು.

“ಬಸ್ಸು ಇನ್ನೂ ಬಂದಿರ್ನಿಲ್ಲ ಕಣಕ್ಕ” ಎಂದೆ.

“ಗೊತ್ತು ಕಣ್ಲಾ” ಎಂದಳು ಅಕ್ಕ. “ಬಸ್ಸಿನ ಆರನ್ನು ನಂಗೂ ಕೇಳ್ತು.”

ಪರದೆಯ ಮೇಲಿದ್ದ ಫೋಟೋವನ್ನು ಇನ್ನೊಂದು ಸಲ ನೋಡಿ, ಬೇಡ ಎಂದು ಒತ್ತಿದಳು.